ಕೈತೋಟದಲ್ಲಿ ಧಾರೆ: ಊರೊಳಗೆ ಹಸಿರು ಮದುವೆ ಮಾಡಿಸಿ ಕಲಿತ ಹನ್ನೊಂದು ಪಾಠಗಳು

ಮದುವೆ ಗೊತ್ತಾದ ಮನೆಯವರು ನನ್ನ ಬಳಿ ಬಂದಾಗ ಮೊದಲು ಕೇಳುವುದು ಖರ್ಚಿನ ವಿಚಾರ. ನಾನು ಮೊದಲು ಕೇಳುವುದು, ಮುಹೂರ್ತಕ್ಕೆ ಇನ್ನೂ ಎಷ್ಟು ದಿನ ಇದೆ ಎಂದು. ನರ್ಸರಿಯಲ್ಲಿ ಸಸಿ ಮಾಡುವ ಕೆಲಸದಿಂದ ಮದುವೆ ಮಾಡಿಸುವ ಕೆಲಸಕ್ಕೆ ಬಂದವಳು ನಾನು. ಬೆಂಗಳೂರಿನ ಮನೆಯಂಗಳ, ತಾರಸಿ, ಅಪಾರ್ಟ್‌ಮೆಂಟಿನ ಹುಲ್ಲುಹಾಸುಗಳಲ್ಲಿ ಮದುವೆ ಮಾಡಿಸುತ್ತಾ ನನಗೆ ಗಟ್ಟಿಯಾಗಿ ಮನದಟ್ಟಾದ ಸಂಗತಿ ಒಂದೇ: ಮದುವೆಯ ಕಸದಲ್ಲಿ ಬಹುಪಾಲು ಅವಸರದಿಂದ ಹುಟ್ಟುತ್ತದೆ. ಮೂರು ತಿಂಗಳು ಕೈಯಲ್ಲಿದ್ದರೆ ಬೇಕಾದ್ದನ್ನು ಬೆಳೆಸಬಹುದು. ಮೂರು ವಾರ ಇದ್ದರೆ ಎರವಲು ತರಬಹುದು, ಬಾಡಿಗೆಗೆ ಗೊತ್ತು ಮಾಡಬಹುದು. ಹಿಂದಿನ ದಿನ ಹೊರಟರೆ ಕೊಳ್ಳುವುದು, ಬಿಸಾಡುವುದು, ಅಷ್ಟೇ ದಾರಿ. ಕೆಳಗಿನ ಪಾಠಗಳನ್ನು ಈ ಮಾತು ಮನಸ್ಸಿನಲ್ಲಿಟ್ಟುಕೊಂಡು ಓದಿ.

1. ಮೊದಲು ಜನರನ್ನು ಎಣಿಸಿ, ಆಮೇಲೆ ಜಾಗ ಹುಡುಕಿ

ಎಷ್ಟು ಎಲೆ, ಎಷ್ಟು ನೀರು, ಎಷ್ಟು ಕಾರು, ಎಷ್ಟು ಕಸ ಎಂಬುದೆಲ್ಲ ಕರೆಯುವ ಜನರ ಸಂಖ್ಯೆಯ ಮೇಲೆ ನಿಂತಿದೆ. ಎಂಟುನೂರು ಜನರನ್ನು ಕರೆದು ಅಡಿಕೆ ಹಾಳೆಯ ತಟ್ಟೆಯಲ್ಲಿ ಬಡಿಸುವ ಮದುವೆಗಿಂತ ಎಂಬತ್ತು ಜನರನ್ನು ಕರೆದು ಮನೆಯ ಸ್ಟೀಲ್ ತಟ್ಟೆಯಲ್ಲಿ ಬಡಿಸುವ ಮದುವೆ ಮಣ್ಣಿಗೆ ಎಷ್ಟೋ ಹಗುರ. ಕೈತೋಟದ ಮದುವೆಗಂತೂ ಚಿಕ್ಕ ಸಂಖ್ಯೆಯೇ ಅಡಿಪಾಯ.

ಕನ್ನಡನಾಡಿಗೆ ಇದೇನೂ ಹೊಸದಲ್ಲ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದ ಸರಳ ವಿಧಿಯಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ 1966ರಲ್ಲಿ ಕುಪ್ಪಳಿಯಲ್ಲಿ ನಡೆಯಿತು. ಅಂದಿನಿಂದ ಇಂದಿನವರೆಗೆ ಎಷ್ಟೋ ಜೋಡಿಗಳು ಆ ದಾರಿ ಹಿಡಿದಿವೆ.

ಪಟ್ಟಿ ಕತ್ತರಿಸಲು ಕುಳಿತಾಗ ಮನೆಯಲ್ಲಿ ಮುನಿಸು ಬರುವುದು ಸಹಜ. ನಾನು ಹೇಳುವ ಉಪಾಯ ಇದು: ಧಾರೆಗೆ ಒಡಹುಟ್ಟಿದವರು, ಸೋದರಮಾವ, ಚಿಕ್ಕಪ್ಪ, ದೊಡ್ಡಪ್ಪ, ಅತ್ತೆಯಂದಿರು, ಹತ್ತಿರದ ಗೆಳೆಯರು ಬರಲಿ. ಉಳಿದ ಹಿರಿಯರ ಮನೆಗೆ ಮದುಮಕ್ಕಳೇ ಆಮೇಲೆ ಹೋಗಿ, ತಾಂಬೂಲ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ಬರಲಿ. ಛತ್ರದ ಸಾಲಿನಲ್ಲಿ ನಿಂತು ಅರ್ಧ ನಿಮಿಷ ಮಾತನಾಡಿ ಹೋಗುತ್ತಿದ್ದ ದೊಡ್ಡಮ್ಮ, ತಮ್ಮ ಮನೆಗೇ ಬಂದ ಮದುಮಕ್ಕಳನ್ನು ಕೂರಿಸಿ ಊಟ ಬಡಿಸಿ ಕಳಿಸುತ್ತಾರೆ. ಕರೆಯಲಿಲ್ಲವೆಂಬ ಬೇಸರ ಅಲ್ಲಿಗೆ ಮುಗಿಯುತ್ತದೆ.

ಕಾನೂನಿನ ಮಾತೂ ಒಂದಿದೆ. ಘನತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ, ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ಬೇರ್ಪಡಿಸಿ ಕೊಡಬೇಕು. ಮನೆಯ ತಾರಸಿಯೂ ಅಂಗಳವೂ ಪರವಾನಗಿ ಇಲ್ಲದ ಜಾಗಗಳೇ ಎಂಬುದು ನೆನಪಿರಲಿ.

2. ಪಂಚಾಂಗದ ಪಕ್ಕದಲ್ಲಿ ಮಳೆಯ ಲೆಕ್ಕವನ್ನೂ ಇಟ್ಟುಕೊಳ್ಳಿ

ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ಬಹುತೇಕ ಒಣ ತಿಂಗಳುಗಳು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳು. ಆದ್ದರಿಂದ ಬಯಲಿನ ಮದುವೆಗೆ ಮಾಘ, ಫಾಲ್ಗುಣದ ಮುಹೂರ್ತ ಸಿಕ್ಕರೆ ಬಹಳ ಒಳ್ಳೆಯದು. ವೈಶಾಖದಲ್ಲೇ ಆಗಬೇಕೆಂದರೆ ಬೆಳಗಿನ ಮುಹೂರ್ತ ಕೇಳಿ; ಮೋಡ ಕಟ್ಟುವ ಹೊತ್ತಿಗೆ ಊಟ ಮುಗಿದಿರುತ್ತದೆ.

ಬೆಳಗಿನ ಮದುವೆಗೆ ಇನ್ನೊಂದು ಲಾಭ ಇದೆ. ಜನರೇಟರ್ ಬೇಡ, ದೀಪದ ಸರ ಬೇಡ, ಮಿಂಚುವ ಪರದೆ ಬೇಡ. ಬೆಳಗಿನ ಎಳೆ ಬಿಸಿಲಿಗಿಂತ ಚೆಂದದ ಬೆಳಕನ್ನು ಯಾವ ಬಾಡಿಗೆ ಅಂಗಡಿಯೂ ಕೊಡಲಾರದು. ಕರೆಂಟಿನ ಖರ್ಚಿನಲ್ಲಿ ದೊಡ್ಡ ಪಾಲು ಸಂಜೆಯ ಆರತಕ್ಷತೆಗೆ ಹೋಗುತ್ತದೆ. ಅದನ್ನು ಕೈಬಿಟ್ಟು ಧಾರೆಯ ಬೆನ್ನಲ್ಲೇ ಊಟಕ್ಕೆ ಕೂರಿಸಿದರೆ ಅರ್ಧ ಸರಂಜಾಮು ಬರುವುದೇ ಇಲ್ಲ.

ಮರಗಳ ಪಂಚಾಂಗವನ್ನೂ ಓದಿ. ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದಾದ ಮೇಲೊಂದರಂತೆ ವರ್ಷವಿಡೀ ಯಾವುದಾದರೂ ಮರ ಹೂ ಬಿಡುವ ಹಾಗೆ ಈ ಊರಿಗೆ ಮರಗಳನ್ನು ಆರಿಸಿದರು. ಗುಲಾಬಿ ಬಣ್ಣದ ಟಬೆಬುಯ ಚಳಿಗಾಲದ ಕೊನೆಗೆ, ಜಕರಂಡ ಬೇಸಿಗೆಯ ಬಾಗಿಲಲ್ಲಿ, ಗುಲ್‌ಮೊಹರ್ ಏಪ್ರಿಲ್–ಮೇ ತಿಂಗಳಲ್ಲಿ ಹೂ ತುಂಬಿ ನಿಲ್ಲುತ್ತವೆ. ನಿಮ್ಮ ಬೀದಿಯ ಮರ ಯಾವಾಗ ಹೂ ಬಿಡುತ್ತದೆ ಎಂದು ತಿಳಿದಿದ್ದರೆ ಮಂಟಪವನ್ನು ಆ ದಿಕ್ಕಿಗೆ ತಿರುಗಿಸಿದರೆ ಸಾಕು.

3. ತಾರಸಿ ಎಷ್ಟು ತೂಕ ತಡೆಯುತ್ತದೆ ಎಂದು ತಿಳಿದುಕೊಂಡೇ ಹೆಜ್ಜೆ ಇಡಿ

ತಾರಸಿ ತೋಟದಲ್ಲಿ ಧಾರೆ ಎರೆಯಬೇಕೆಂಬ ಆಸೆ ಈಗ ಬಹಳ ಮನೆಗಳಲ್ಲಿ ಇದೆ. ಆಸೆ ಚೆಂದದ್ದೇ. ಆದರೆ ಓಡಾಡಲು ಬಿಡುವ ಮನೆಯ ತಾರಸಿಗೆ ಭಾರತೀಯ ಮಾನಕ ಸಂಹಿತೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕಿಲೋ. ಜನ ಗುಂಪುಗೂಡುವ ಸಭಾಂಗಣಗಳಿಗೆ ಅದೇ ಸಂಹಿತೆ ಸುಮಾರು 500 ಕಿಲೋ ಹಿಡಿಯುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಮನೆಯ ಯಜಮಾನರಿಗೆ ಕೂರಿಸಿ ವಿವರಿಸದೆ ನಾನು ತಾರಸಿ ಮದುವೆಗೆ ಒಪ್ಪುವುದಿಲ್ಲ.

ಒಂದಡಿ ಆಳದ ಹಸಿ ಮಣ್ಣಿನ ಮಡಿ ಒಂದೇ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಸಾವಿರ ಲೀಟರ್ ನೀರಿನ ಟ್ಯಾಂಕ್ ಎಂದರೆ ಒಂದು ಟನ್. ಹಾಗಾಗಿ ದೊಡ್ಡ ಕುಂಡಗಳೆಲ್ಲ ತೊಲೆಯ ಮೇಲೆ, ಗೋಡೆಯ ಅಂಚಿಗೆ ಇರಲಿ. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರದ ಮಿಶ್ರಣ ತುಂಬಿದರೆ ತೂಕ ಬಹಳ ಇಳಿಯುತ್ತದೆ. 30×40 ನಿವೇಶನದ ಮನೆಯ ತಾರಸಿಯಲ್ಲಿ ಕುಂಡ, ಮಂಟಪ, ಓಡಾಡುವ ದಾರಿ ಬಿಟ್ಟರೆ ಐವತ್ತು ಕುರ್ಚಿಗೆ ಜಾಗ ಸಿಕ್ಕೀತು, ಅದಕ್ಕಿಂತ ಹೆಚ್ಚು ಬೇಡ. ಊಟದ ಪಂಕ್ತಿ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಹಾಕಿ. ಹಳೆಯ ಮನೆಯಾದರೆ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಕೈಗೋಡೆ ಒಂದು ಮೀಟರಿಗಿಂತ ತಗ್ಗಿದ್ದರೆ ಮಕ್ಕಳು ಬರುವ ಸಮಾರಂಭಕ್ಕೆ ಆ ಜಾಗ ಬೇಡವೇ ಬೇಡ.

ಹೋಮಕುಂಡದ ಕೆಳಗೆ ಇಟ್ಟಿಗೆ ಹಾಸಿ ಅದರ ಮೇಲೆ ಮರಳು ಹರಡಿ. ಆಗ ತಾರಸಿಯ ನೀರುನಿರೋಧಕ ಪದರ ಬಿಸಿಗೆ ಬಿರಿಯುವುದಿಲ್ಲ. ಹೋಮಕುಂಡದ ನೇರ ಮೇಲೆ ಹಸಿರು ನೆರಳುಬಲೆ ಕಟ್ಟಬೇಡಿ, ಅದು ಪ್ಲಾಸ್ಟಿಕ್, ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೆ.

4. ಮುಹೂರ್ತದಿಂದ ಹಿಂದಕ್ಕೆ ಎಣಿಸಿ ಬೀಜ ಹಾಕಿ

ಕೈತೋಟದ ಮದುವೆ ಎಂದರೆ ಬಾಡಿಗೆ ಕುಂಡಗಳನ್ನು ಲಾರಿಯಲ್ಲಿ ತಂದು ಸಾಲಾಗಿ ಇಡುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಮನೆಯವರೇ ಬೆಳೆಸಿದ ತೋಟದಲ್ಲಿ ನಡೆಯುವ ಮದುವೆಯ ಕಳೆಯೇ ಬೇರೆ. ಬೆಂಗಳೂರಿಗೆ ಇದರ ರೂಢಿ ಚೆನ್ನಾಗಿದೆ. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ತಾರಸಿಯಲ್ಲಿ ಸಾವಯವ ತರಕಾರಿ ಬೆಳೆಯುವುದನ್ನು ಊರಿಗೆಲ್ಲ ಕಲಿಸಿಕೊಟ್ಟರು. ‘ಊಟ ಫ್ರಮ್ ಯುವರ್ ತೋಟ’ ಸಂತೆಗೆ ಹೋಗಿ ಬೀಜ ತಂದವರು ಈಗ ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ.

ನಾನು ಮದುವೆ ಮನೆಯ ಗೋಡೆಗೆ ಅಂಟಿಸುವ ಪಟ್ಟಿ ಹೀಗಿರುತ್ತದೆ.

ತೊಂಬತ್ತು ದಿನ ಮೊದಲು: ಚೆಂಡುಹೂವಿನ ಬೀಜ ಟ್ರೇಗೆ. ನಾಲ್ಕು ವಾರಕ್ಕೆ ಸಸಿಗಳನ್ನು ಕುಂಡಕ್ಕೆ ಬದಲಿಸಿ, ನೆಟ್ಟು ನಾಲ್ಕು ವಾರವಾದಾಗ ತುದಿ ಚಿವುಟಿ. ಚಿವುಟಿದ ಗಿಡ ಕವಲೊಡೆದು ಹೂ ಹೆಚ್ಚು ಕೊಡುತ್ತದೆ. ಸುಗಂಧರಾಜದ ಗೆಡ್ಡೆಯನ್ನೂ ಇದೇ ಹೊತ್ತಿಗೆ ನೆಡಿ.

ಎಪ್ಪತ್ತು ದಿನ ಮೊದಲು: ಜಿನಿಯಾ, ಕಾಸ್ಮಸ್. ಚಪ್ಪರದ ಕಂಬದ ಬುಡದಲ್ಲಿ ಶಂಖಪುಷ್ಪ. ಬಳ್ಳಿ ಮದುವೆಯ ಹೊತ್ತಿಗೆ ಕಂಬ ತಬ್ಬಿ ಹೂ ಬಿಟ್ಟಿರುತ್ತದೆ. ಅದೇ ನೀಲಿ ಹೂವನ್ನು ಬಿಸಿನೀರಿಗೆ ಹಾಕಿ ಸೋಸಿ, ಬೆಲ್ಲ ಬೆರೆಸಿ, ನಿಂಬೆರಸ ಹಿಂಡಿದರೆ ನೇರಳೆ ಬಣ್ಣದ ಪಾನಕವಾಗುತ್ತದೆ. ಮಕ್ಕಳು ಎರಡನೆಯ ಲೋಟ ಕೇಳುತ್ತಾರೆ.

ಐವತ್ತು ದಿನ ಮೊದಲು: ಬಸಳೆ ಕಡ್ಡಿ, ದೊಡ್ಡಪತ್ರೆ ಕಡ್ಡಿ ನೆಡಿ. ದೊಡ್ಡಪತ್ರೆ ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ತಾಂಬೂಲದ ಜೊತೆ ಕೊಡುವ ಗಿಡಗಳಿಗೆ ಇದೇ ಮೊದಲ ಹೆಜ್ಜೆ.

ನಲವತ್ತು ದಿನ ಮೊದಲು: ಕೊತ್ತಂಬರಿ. ಕಾಳನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಿ. ಮೆಂತ್ಯ ಮತ್ತು ದಂಟು ಇಪ್ಪತ್ತೈದು, ಮೂವತ್ತು ದಿನಕ್ಕೆ ಕೊಯ್ಲಿಗೆ ಬರುವುದರಿಂದ ಅವನ್ನು ಎರಡು ವಾರ ತಡೆದು ಬಿತ್ತಿದರೆ ಎಲ್ಲವೂ ಮದುವೆಯ ವಾರಕ್ಕೆ ಒಟ್ಟಿಗೆ ಸಿಗುತ್ತವೆ.

ಐದಾರು ದಿನ ಮೊದಲು: ಅಂಕುರಾರ್ಪಣೆಯ ಪಾಲಿಕೆಗಳಿಗೆ ನೆನೆಸಿದ ನವಧಾನ್ಯ. ಮದುವೆಗೆ ಮುಂಚೆ ಮಣ್ಣಿನ ಪಾತ್ರೆಯಲ್ಲಿ ಕಾಳು ಬಿತ್ತಿ, ಮುತ್ತೈದೆಯರು ಹಾಲು ನೀರು ಚಿಮುಕಿಸಿ ಮೊಳಕೆ ಬರಿಸುವ ಈ ಶಾಸ್ತ್ರವೇ ನಮ್ಮ ಮದುವೆಯೊಳಗಿನ ಕೈತೋಟ. ಈಗ ಎಷ್ಟೋ ಕಡೆ ಅದೇ ದಿನ ಬೆಳಿಗ್ಗೆ ನೆಪಕ್ಕೆ ಮಾಡಿ ಮುಗಿಸುತ್ತಾರೆ. ಐದು ದಿನ ಮೊದಲೇ ಮನೆಯ ಹೆಂಗಸರೆಲ್ಲ ಸೇರಿ ಬಿತ್ತಿ, ದಿನಾ ನೀರು ಚಿಮುಕಿಸಿದರೆ ಧಾರೆಯ ಹೊತ್ತಿಗೆ ಹಸಿರು ಪೈರು ಬೆರಳುದ್ದ ನಿಂತಿರುತ್ತದೆ. ಆ ಪೈರನ್ನು ಮಂಟಪದ ನಾಲ್ಕು ಮೂಲೆಗೆ ಇಟ್ಟರೆ ಬೇರೆ ಅಲಂಕಾರ ಬೇಕೆನಿಸುವುದಿಲ್ಲ. ಮದುವೆಯಾದ ಮೇಲೆ ನೀರಿಗೆ ಬಿಡುವ ಪದ್ಧತಿ ಇರುವವರು ಅದನ್ನು ಕೆರೆಗೆ ಒಯ್ಯದೆ ತುಳಸಿಕಟ್ಟೆಯ ಬುಡಕ್ಕೆ ಹಾಕಿ ನೀರೆರೆಯಲಿ.

ಸೇವಂತಿಗೆಯ ಬಗ್ಗೆ ಒಂದು ಮಾತು. ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ ಅದು. ಬೇಸಿಗೆಯ ಮದುವೆಗೆ ಮನೆಯಲ್ಲಿ ಸೇವಂತಿಗೆ ಬೆಳೆಯಲು ಹೊರಟರೆ ಎಲೆ ಮಾತ್ರ ಸಿಗುತ್ತದೆ.

5. ಚಪ್ಪರವನ್ನು ಬಿಚ್ಚುವ ಕೈಗಳನ್ನು ನೆನೆದು ಕಟ್ಟಿಸಿ

ಬಿದಿರು, ತೆಂಗಿನ ಗರಿ, ನಾರಿನ ಹಗ್ಗ, ಮಾವಿನ ತೋರಣ, ಗೊನೆ ಸಮೇತ ಬಾಳೆಕಂಬ ಇದ್ದರೆ ಚಪ್ಪರ ಎದ್ದು ನಿಂತಂತೆಯೇ. ಹಾಲುಗಂಬ ನೆಡುವ ಶಾಸ್ತ್ರದಿಂದಲೇ ಮದುವೆ ಶುರುವಾಗುವ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾದ್ದೇ ಇಲ್ಲ. ನಾನು ಒತ್ತಿ ಹೇಳುವುದು ಒಂದು ವಿಷಯ: ಮೊಳೆ ಬೇಡ, ತಂತಿ ಬೇಡ, ಅಂಟುಪಟ್ಟಿ ಬೇಡ. ಹಗ್ಗದ ಗಂಟು ಹಾಕಿದ ಬಿದಿರು ಮತ್ತೊಂದು ಮನೆಗೆ ಹಾಗೇ ಹೋಗುತ್ತದೆ. ಅಂಗಳದಲ್ಲಿ ಮರ ಇದ್ದರೆ ಅದಕ್ಕೆ ಮೊಳೆ ಹೊಡೆಯಬೇಡಿ, ಕೊಂಬೆಗೆ ದೀಪದ ಸರ ಬಿಗಿಯಬೇಡಿ. ಅಲ್ಲಿ ಗೂಡು ಕಟ್ಟಿದ ಹಕ್ಕಿಗೆ ರಾತ್ರಿ ರಾತ್ರಿಯಾಗಿಯೇ ಇರಬೇಕು. ಚಪ್ಪರಕ್ಕೆ ಅಡ್ಡ ಬಂತೆಂದು ಕೊಂಬೆ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ ಎಂಬುದನ್ನು ಮನೆಯವರಿಗೆ ನೆನಪಿಸುತ್ತೇನೆ.

ಹೂವಿನ ಅಲಂಕಾರದವರು ತರುವ ಹಸಿರು ಸ್ಪಂಜಿನ ಇಟ್ಟಿಗೆಯನ್ನು ಅಂಗಳಕ್ಕೆ ಬಿಡಬೇಡಿ. ಅದು ಫೀನಾಲ್ ಫಾರ್ಮಾಲ್ಡಿಹೈಡ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಕೈಯಲ್ಲಿ ಪುಡಿಯಾಗಿ ಮಣ್ಣಿಗೆ ಸೇರುತ್ತದೆ, ಕೊಳೆಯುವುದಿಲ್ಲ. ಅದರ ಕೆಲಸವನ್ನು ಬಾಳೆದಿಂಡು ಇನ್ನೂ ಚೆನ್ನಾಗಿ ಮಾಡುತ್ತದೆ. ಒಂದಡಿ ಉದ್ದಕ್ಕೆ ಕತ್ತರಿಸಿ, ಚೂಪಾದ ಕಡ್ಡಿಯಿಂದ ತೂತು ಮಾಡಿ, ಹೂವಿನ ತೊಟ್ಟು ಚುಚ್ಚಿದರೆ ದಿಂಡಿನ ನೀರಿನಲ್ಲೇ ಇಡೀ ದಿನ ಬಾಡದೆ ನಿಲ್ಲುತ್ತದೆ. ಸಂಜೆಗೆ ದಿಂಡೂ ಹೂವೂ ಒಟ್ಟಿಗೆ ಗೊಬ್ಬರದ ಗುಂಡಿಗೆ ಹೋಗುತ್ತವೆ.

ಬಾಸಿಂಗವನ್ನು ಬೆಂಡಿನಲ್ಲೇ ಮಾಡಿಸಿ, ಥರ್ಮಾಕೋಲಿನಲ್ಲಿ ಬೇಡ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ.

6. ಕೊಳ್ಳುವ ಹೂವು ಋತುವಿನದಾಗಿರಲಿ, ನಾರಿನಲ್ಲಿ ಕಟ್ಟಿದ್ದಾಗಿರಲಿ

ಮನೆಯ ಕುಂಡಗಳು ಮದುವೆಗೆ ಬೇಕಾದ ಹೂವನ್ನೆಲ್ಲ ಕೊಡಲಾರವು. ಹಾರ, ಮುಡಿಯುವ ಹೂವು, ಪೂಜೆಯ ಬಿಡಿಹೂವು ಮಾರುಕಟ್ಟೆಯಿಂದ ಬರಲೇಬೇಕು. ಕೆ.ಆರ್. ಮಾರುಕಟ್ಟೆಗೆ ನಸುಕಿನಲ್ಲೇ ಹೋದರೆ ಆ ಋತುವಿನ ಹೂವು ಯಾವುದೆಂದು ರಾಶಿಯೇ ಹೇಳುತ್ತದೆ. ಹೆಚ್ಚು ಬಂದಿರುವುದನ್ನೇ ಕೊಳ್ಳಿ. ಬೆಲೆಯೂ ಇಳಿದಿರುತ್ತದೆ, ವಿಮಾನದಲ್ಲಿ ಬಂದ ಹೂವಿನ ಹಂಗೂ ಇರುವುದಿಲ್ಲ. ಪರಿಮಳಕ್ಕೆ ದವನ, ಮರುಗ, ಪಚ್ಚೆತೆನೆ ಸೇರಿಸಿ. ಮಲೆನಾಡು, ಕರಾವಳಿಯ ನೆಂಟರಿದ್ದರೆ ಹಿಂಗಾರ ತರಲು ಹೇಳಿ. ಮಲ್ಲಿಗೆಗಂತೂ ನಾಡಿನಲ್ಲಿ ಬರವಿಲ್ಲ: ಮೈಸೂರು, ಉಡುಪಿ, ಹಡಗಲಿ ಮೂರೂ ಮಲ್ಲಿಗೆಗಳು ಭೌಗೋಳಿಕ ಗುರುತು ಪಡೆದಿವೆ.

ಮುಂಗಡ ಕೊಡುವಾಗಲೇ ಒಂದು ಷರತ್ತು ಹೇಳಿ: ದಾರ ಬಾಳೆನಾರಿನದು ಅಥವಾ ಹತ್ತಿಯದು, ಜರಿ ಬೇಡ, ಹೊಳೆಯುವ ಪಟ್ಟಿ ಬೇಡ, ತರುವುದು ಬಿದಿರ ಬುಟ್ಟಿಯಲ್ಲಿ. ಹಿಂದಿನ ಸಂಜೆ ಹೇಳಿದರೆ ಹೂ ಕಟ್ಟುವವರ ಕೈಯಲ್ಲಿ ಇರುವುದು ನೈಲಾನ್ ದಾರ ಮಾತ್ರ. ಎರಡು ವಾರ ಮೊದಲು ಹೇಳಿದರೆ ನಾರು ತರಿಸಿ ಇಟ್ಟಿರುತ್ತಾರೆ.

7. ಪಂಕ್ತಿಯಲ್ಲಿ ಬಡಿಸಿ, ಕಡಿಮೆ ಬಗೆ ಮಾಡಿಸಿ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರು ನಗರದ ಕಲ್ಯಾಣ ಮಂಟಪಗಳಲ್ಲಿ ನಡೆಸಿದ ಸಮೀಕ್ಷೆಯ ವರದಿ 2012ರಲ್ಲಿ ಬಂತು. ಮದುವೆ ಊಟದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆ ಎಂದು ಅದು ಹೇಳಿತು. ರೈತ ಬೆಳೆದ, ಅಡುಗೆಯವರು ಬೆಂಕಿಯ ಮುಂದೆ ನಿಂತು ಬೇಯಿಸಿದ ಅನ್ನ ಅದು. ಹಸಿರು ಮದುವೆ ಎಂದು ಹೇಳಿಕೊಳ್ಳುವವರು ಎಲ್ಲಕ್ಕಿಂತ ಮೊದಲು ಕಾಯಬೇಕಾದದ್ದು ಈ ಅನ್ನವನ್ನು.

ಬಗೆಗಳು ಹೆಚ್ಚಿದಷ್ಟೂ ಎಲೆಯಲ್ಲಿ ಉಳಿಯುವುದು ಹೆಚ್ಚು. ಎರಡು ಪಲ್ಯ, ಒಂದು ಕೋಸಂಬರಿ, ಒಂದು ಗೊಜ್ಜು, ಚಿತ್ರಾನ್ನ, ತೊವ್ವೆ, ಹುಳಿ, ಸಾರು, ಒಂದು ಪಾಯಸ, ಒಂದು ಹೋಳಿಗೆ, ಮಜ್ಜಿಗೆ. ಇದಕ್ಕಿಂತ ತುಂಬಿದ ಊಟ ಬೇಕೆ? ತೋಟದ ದಂಟು, ಬಸಳೆ, ಕೊತ್ತಂಬರಿ ಇದರಲ್ಲೇ ಸೇರಿಹೋಗುತ್ತವೆ. ಕೆಲಸ ಗೊತ್ತಿರುವ ಬಾಣಸಿಗರಿಗೆ ಜನರ ಲೆಕ್ಕ ಸರಿಯಾಗಿ ಕೊಟ್ಟರೆ ಅಳತೆ ತಪ್ಪುವುದಿಲ್ಲ. ಕಡಿಮೆ ಬಿದ್ದೀತೆಂಬ ಭಯಕ್ಕೆ ನೂರು ಜನರನ್ನು ನೂರೈವತ್ತು ಎಂದು ಹೇಳುವ ಮನೆಯವರಿಂದಲೇ ಅನ್ನ ಉಳಿಯುತ್ತದೆ.

ಪಂಕ್ತಿಯ ದೊಡ್ಡ ಗುಣ ಏನೆಂದರೆ ಬಡಿಸುವವರ ಕೈ. ಮೊದಲ ಸುತ್ತಿನಲ್ಲಿ ಸ್ವಲ್ಪ, ಕೇಳಿದವರಿಗೆ ಮತ್ತೆ ಧಾರಾಳ. ಮನೆಯ ಹುಡುಗ ಹುಡುಗಿಯರನ್ನೇ ಬಡಿಸಲು ನಿಲ್ಲಿಸಿ. “ಸ್ವಲ್ಪ ಹಾಕಲಾ ಮಾವ?” ಎಂದು ಕೇಳಿ ಬಡಿಸಿದ ಎಲೆಯಲ್ಲಿ ಉಳಿಯುವುದು ಕರಿಬೇವು, ಮೆಣಸಿನಕಾಯಿ ಮಾತ್ರ.

ಎಲೆಯ ವಿಚಾರ: ಬಾಳೆ ಎಲೆ ಸಿಗುವ ಕಡೆ ಅದೇ ಇರಲಿ. ಇಲ್ಲವೆಂದರೆ ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ. ಇವೆಲ್ಲಕ್ಕಿಂತ ಒಳ್ಳೆಯದು ತೊಳೆದು ಮತ್ತೆ ಬಳಸುವ ಸ್ಟೀಲ್. ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಬೆಂಗಳೂರಿನ ಸಮಾರಂಭಗಳಿಗೆ ತಟ್ಟೆ ಲೋಟಗಳನ್ನು ಎರವಲು ಕೊಡುವ ವ್ಯವಸ್ಥೆ ಮಾಡಿದೆ. ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ; ಬಿಳಿ ಪಂಚೆಯ ಬಟ್ಟೆ ಹಾಸಿ, ಒಗೆದು ಮಡಿಸಿಡಿ. ಬಾಟಲಿ ನೀರಿನ ಬದಲು ತಾಮ್ರದ ಹಂಡೆ, ಪಕ್ಕದಲ್ಲಿ ಲೋಟ, ನೀರು ಕೊಡಲು ಇಬ್ಬರು.

8. ನೀರಿನ ಲೆಕ್ಕವಿಲ್ಲದ ತೋಟ ಹಸಿರಲ್ಲ

ಈ ಊರು ಕುಡಿಯುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಪಂಪಾಗಿ ಬರುತ್ತದೆ. 2024ರ ಮಾರ್ಚಿನಲ್ಲಿ ಬರ ಬಿಗಿದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರಂಜಿಗೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದಿತು. ಮದುವೆಯ ಫೋಟೊಗಾಗಿ ಹುಲ್ಲುಹಾಸಿಗೆ ಟ್ಯಾಂಕರ್ ನೀರು ಸುರಿಸುವ ಮನಸ್ಸು ಆ ಬೇಸಿಗೆಯನ್ನು ಕಂಡವರಿಗೆ ಬರಬಾರದು.

ನಾನು ಮಾಡಿಸುವುದು ಇಷ್ಟು: ಅಕ್ಕಿ, ತರಕಾರಿ ತೊಳೆದ ನೀರು ಮೂರು ತಿಂಗಳೂ ಕುಂಡಗಳಿಗೆ. ಕುಂಡದ ಮಣ್ಣಿನ ಮೇಲೆ ಒಣ ಎಲೆಯ ಮುಚ್ಚಿಗೆ. ಮದುವೆಯ ದಿನ ಕೈ ತೊಳೆಯುವ ಜಾಗದ ಕೆಳಗೆ ದೊಡ್ಡ ತೊಟ್ಟಿ. ಸೀಗೆಕಾಯಿ ಅಥವಾ ಅಂಟುವಾಳದ ನೀರು ಕೈಗೆ ಹಾಕಿದರೆ ಆ ನೀರು ನೇರ ಬಾಳೆಗಿಡಕ್ಕೆ. ಉರುಳಿಯಲ್ಲಿ ಹೂ ತೇಲಿಸಿದ ನೀರನ್ನು ಅದೇ ಸಂಜೆ ಗಿಡಕ್ಕೆ ಚೆಲ್ಲಿ, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ.

9. ಪುರೋಹಿತರ ಪಟ್ಟಿಯನ್ನು ಅವರ ಎದುರೇ ಕುಳಿತು ಓದಿ

ಮದುವೆಗೆ ಬರುವ ಪ್ಲಾಸ್ಟಿಕ್ಕಿನ ಪುಟ್ಟ ಪೊಟ್ಟಣಗಳೆಲ್ಲ ಪೂಜಾ ಸಾಮಾನಿನ ಜೊತೆ ಬರುತ್ತವೆ: ಅರಿಶಿನ, ಕುಂಕುಮ, ಅರಳು, ಕರ್ಪೂರ, ತುಪ್ಪ, ಗೆಜ್ಜೆವಸ್ತ್ರ. ಪಟ್ಟಿ ಕೈಗೆ ಬಂದ ದಿನವೇ ಶಾಸ್ತ್ರಿಗಳ ಜೊತೆ ಕುಳಿತು, ಯಾವುದು ಎಷ್ಟು ಬೇಕು, ಯಾವುದು ಮನೆಯಲ್ಲೇ ಇದೆ, ಯಾವುದು ತೋಟದಲ್ಲೇ ಸಿಗುತ್ತದೆ ಎಂದು ಕೇಳಿ. ಮಾವಿನ ಎಲೆ, ತುಳಸಿ, ಗರಿಕೆ ಮನೆಯದೇ. ಸಮಿತ್ತನ್ನು ಕಟ್ಟಿನ ಲೆಕ್ಕದಲ್ಲಿ ಹೇಳಿದರೆ ಹೊರೆಗಟ್ಟಲೆ ತರುವುದು ತಪ್ಪುತ್ತದೆ. ಹಿರಿಯರೊಡನೆ ಮಾತಾಡುವಾಗ ಶಾಸ್ತ್ರ ಬಿಡಿ ಎಂದು ಶುರು ಮಾಡಬೇಡಿ. ಶಾಸ್ತ್ರವನ್ನು ಸರಿಯಾಗಿ, ನಿಧಾನವಾಗಿ ಮಾಡೋಣ ಎಂದು ಹೇಳಿ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆಯ ಸೀರೆ ಅಂತರ್ಪಟವಾಗಲಿ ಎಂದು ಕೇಳಿದರೆ ಬೇಡ ಎನ್ನುವ ಅಜ್ಜಿಯನ್ನು ನಾನು ಕಂಡಿಲ್ಲ.

ಸದ್ದಿನ ವಿಚಾರವೂ ಹೀಗೆಯೇ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಎಂಬುದು 2000ದ ಶಬ್ದ ಮಾಲಿನ್ಯ ನಿಯಮದ ಮಿತಿ. ಓಲಗದವರಿಗೆ ಮೈಕು ಬೇಡ. ಅಂಗಳದಲ್ಲಿ ನಾದಸ್ವರ ತಾನಾಗಿಯೇ ತುಂಬುತ್ತದೆ. ಸೋಬಾನೆ ಹೇಳುವ ಹೆಂಗಸರನ್ನು ಮುಂದೆ ಕೂರಿಸಿ. ಅಕ್ಕಪಕ್ಕದ ಮನೆಗಳಿಗೆ ಒಂದು ವಾರ ಮೊದಲೇ ಅರಿಶಿನ ಕುಂಕುಮ ಕೊಟ್ಟು ಕರೆದು ಬನ್ನಿ.

10. ಕಸಕ್ಕೆ ಒಬ್ಬರು ಯಜಮಾನರಿರಲಿ

ಈ ನಗರದ ಕಸ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಬಾವಿ, ಗಾಳಿ, ಬದುಕನ್ನು ಕೆಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಮಂಡೂರಿನ ಜನ ಬೀದಿಗಿಳಿದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ನಮ್ಮ ಮನೆಯ ಮಂಗಳಕಾರ್ಯದ ಎಂಜಲು ಇನ್ನೊಬ್ಬರ ಊರಿನ ಸಂಕಟ ಆಗಬಾರದು. ಈ ಕೆಲಸದಲ್ಲಿ ನಾನು ಯಾವುದಕ್ಕೂ ಸಡಿಲ ಬಿಡದ ಜಾಗ ಇದೊಂದು.

ಬೇರ್ಪಡಿಸುವ ಕ್ರಮ ಊರಿಗೆ ಗೊತ್ತಿರುವುದೇ: ಹಸಿ ಕಸಕ್ಕೆ ಹಸಿರು ಡಬ್ಬಿ, ಆರೋಗ್ಯಕ್ಕೆ ಅಪಾಯಕಾರಿಯಾದದ್ದಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಮದುವೆಯಲ್ಲಿ ಡಬ್ಬಿ ಇಟ್ಟರೆ ಸಾಲದು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಸೋದರಳಿಯನನ್ನೋ ಗೆಳತಿಯನ್ನೋ ಮೊದಲೇ ಒಪ್ಪಿಸಿ, ಆ ಕೆಲಸಕ್ಕೆ ಮರ್ಯಾದೆ ಕೊಟ್ಟು, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಜನ ಹೆಚ್ಚಿದ್ದರೆ ಕಸ ಆಯುವವರ ಬದುಕಿಗಾಗಿ ದುಡಿಯುವ ಹಸಿರು ದಳದ ಬಳಗದವರು ಸಮಾರಂಭಗಳ ಕಸ ನಿರ್ವಹಣೆಯನ್ನೂ ವಹಿಸಿಕೊಳ್ಳುತ್ತಾರೆ.

ಎಲೆ, ಹೂವು, ದಿಂಡನ್ನು ಸಣ್ಣಗೆ ಕತ್ತರಿಸಿ, ಅದರ ಎರಡರಷ್ಟು ಒಣ ಎಲೆಯೊಂದಿಗೆ ಪದರ ಪದರವಾಗಿ ಹಾಕಿ, ಹುಳಿ ಮಜ್ಜಿಗೆ ಚಿಮುಕಿಸಿದರೆ ಎರಡು ತಿಂಗಳಲ್ಲಿ ಗೊಬ್ಬರ. ಒಣ ಎಲೆಯನ್ನು ಒಂದು ತಿಂಗಳು ಮೊದಲೇ ಗೋಣಿಚೀಲದಲ್ಲಿ ಕೂಡಿಡಿ. ಮದುವೆಯ ಸಂಜೆ ಹುಡುಕಿದರೆ ಸಿಗುವುದಿಲ್ಲ. ಪಾನಕಕ್ಕೆ ಹಿಂಡಿದ ನಿಂಬೆ ಸಿಪ್ಪೆಯಿಂದ ನೆಲ ಒರೆಸುವ ದ್ರವ ಆಗುತ್ತದೆ: ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಮುಚ್ಚಿಡಿ, ಮೊದಲ ತಿಂಗಳು ಆಗಾಗ ಮುಚ್ಚಳ ಸಡಿಲಿಸಿ. ಮುಟ್ಟದೆ ಉಳಿದ ಅಡುಗೆ ಇದ್ದರೆ ಬಿಸಿ ಆರುವ ಮುನ್ನ ತಲುಪಬೇಕು. ಯಾರು ಒಯ್ಯುತ್ತಾರೆ, ಯಾವ ಪಾತ್ರೆಯಲ್ಲಿ ಎಂಬುದು ಮುಂಚಿನ ವಾರವೇ ನಿಶ್ಚಯವಾಗಿರಲಿ.

11. ತಾಂಬೂಲದಲ್ಲಿ ಬದುಕುವ ಗಿಡವನ್ನೇ ಕೊಡಿ

ಬಂದವರಿಗೆಲ್ಲ ಹೊಂಗೆ, ಬೇವಿನ ಸಸಿ ಕೊಡುವುದು ಈಗ ಬಹಳ ಕಡೆ ಕಾಣುತ್ತದೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇರುವವರು ಮರದ ಸಸಿಯನ್ನು ಎಲ್ಲಿ ನೆಡಬೇಕು? ಕಪ್ಪು ಪ್ಲಾಸ್ಟಿಕ್ ಚೀಲದಲ್ಲೇ ಅದು ಒಣಗುತ್ತದೆ. ಬಾಲ್ಕನಿಯ ಚೂರು ಬಿಸಿಲಿನಲ್ಲೂ ಬದುಕುವ ದೊಡ್ಡಪತ್ರೆ, ಒಂದೆಲಗ, ತುಳಸಿ, ಬಸಳೆಯನ್ನು ತೆಂಗಿನ ಚಿಪ್ಪಿನಲ್ಲೋ ಮಣ್ಣಿನ ಕುಡಿಕೆಯಲ್ಲೋ ಕೊಡಿ. ಗಿಡ ಬೇಡವೆನ್ನುವವರಿಗೆ ನಾಟಿ ತರಕಾರಿ ಬೀಜದ ಪೊಟ್ಟಣ. ಚೀಲವನ್ನು ಹಳೆಯ ಸೀರೆಯಲ್ಲಿ ಹೊಲಿಸಿ. ದರ್ಜಿಗೆ ಒಂದು ತಿಂಗಳು ಮೊದಲು ಕೊಟ್ಟರೆ ಸಾಕು.

ಕೊನೆಯದಾಗಿ ಖರ್ಚಿನ ಮಾತು, ಎಲ್ಲರೂ ಮೊದಲು ಕೇಳುವ ಮಾತು. ಇಂಥ ಮದುವೆ ಹೆಚ್ಚಿನ ಮನೆಗಳಿಗೆ ಛತ್ರದ ಮದುವೆಗಿಂತ ಕಡಿಮೆಯಲ್ಲೇ ಮುಗಿಯುತ್ತದೆ, ಏಕೆಂದರೆ ಜನ ಕಡಿಮೆ. ಆದರೆ ನಾನು ಹಣ ಉಳಿಸಿ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಉಳಿದ ಹಣದಲ್ಲಿ ಒಂದು ಪಾಲು ಕೈಕೆಲಸದವರಿಗೆ ಹೋಗಲಿ: ಬಿದಿರು ಹೆಣೆಯುವ ಮೇದಾರರಿಗೆ, ಪಾಟರಿ ಟೌನಿನ ಕುಂಬಾರರಿಗೆ, ಹೂ ಕಟ್ಟುವವರಿಗೆ, ಪಾತ್ರೆ ತೊಳೆಯುವವರಿಗೆ. ಅವರೊಡನೆ ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ, ಮುಂಗಡವನ್ನು ಮೊದಲೇ ಕೊಡಿ. ಪ್ಲಾಸ್ಟಿಕ್ ಅಗ್ಗವಾಗಿ ಕಾಣುವುದು ಅದರ ಹಿಂದೆ ಯಾರ ಕೈಯೂ ಕಾಣುವುದಿಲ್ಲ ಎಂಬ ಕಾರಣಕ್ಕೆ. ಕೈಯಿಂದ ಆಗುವ ಕೆಲಸ ಹೊತ್ತು ಬೇಡುತ್ತದೆ, ಕೂಲಿ ಬೇಡುತ್ತದೆ. ಆ ಎರಡನ್ನೂ ಮನಸಾರೆ ಕೊಡುವ ಮನೆಗೆ ಹಸಿರು ಮದುವೆ ಕಷ್ಟವಲ್ಲ. ನಿಶ್ಚಿತಾರ್ಥ ಆದ ವಾರವೇ ಚೆಂಡುಹೂವಿನ ಬೀಜ ತನ್ನಿ, ಅಷ್ಟರಿಂದ ಶುರು ಮಾಡಿ.